ಕಿಡ್ನಿಯಲ್ಲಿ ಬೆಳೆಸಿದ ಮೂಗು

ಪಂಚೇಂದ್ರಿಯಗಳಲ್ಲಿ ಅತ್ಯಂತ ಪ್ರಾಚೀನವಾದದ್ದು ಮೂಗು. ಕಣ್ಣು ಮೋಸ ಹೋದೀತು, ಕಿವಿ ಚಾಡಿಗೆ ಸೋತೀತು, ಮೂಗು ಮಾತ್ರ ಮನುಷ್ಯನಿಗೆ ಎಂದೂ ಸುಳ್ಳು ಹೇಳಿದ್ದಿಲ್ಲ. ಈ ಮಾತನ್ನು ನಾನು ಒಂದು ವಿಚಾರಸಂಕಿರಣದಲ್ಲಿ ಬಹಳ ಗಂಭೀರವಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆವತ್ತು ನನಗೆ ಜೋರು ನೆಗಡಿ.

ಮೇಲಾಗಿ, ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ಹದಿನಾಲ್ಕು ವರ್ಷ ದುಡಿದವನಿಗೆ ಮೂಗು ಒಂದು ಅಂಗವಲ್ಲ, ತಾಪತ್ರಯ. ಅತ್ತಿಬೆಲೆ ಕಡೆಯಿಂದ ಗಾಳಿ ಬೀಸಿದರೆ ಬಣ್ಣದ ಕಾರ್ಖಾನೆ, ಹೆದ್ದಾರಿ ಕಡೆಯಿಂದ ಬೀಸಿದರೆ ಡೀಸೆಲ್ಲು, ಗಾಳಿ ನಿಂತರೆ ಕೆರೆ. ಇಂಥ ಜಾಗದಲ್ಲಿ ಕೂತು ಗಂಧದ ಪರಿಮಳವನ್ನು ಗುರುತಿಸುವ ಪ್ರೋಟೀನು ತಯಾರಿಸುತ್ತೇನೆ ಎಂದು ಹೊರಟದ್ದು ನನ್ನ ವೃತ್ತಿಜೀವನದ ಅನೇಕ ವಿವೇಕಗಳಲ್ಲಿ ಒಂದು.

ನಮ್ಮದು ಗುತ್ತಿಗೆ ಸಂಶೋಧನೆಯ ಕಂಪನಿ. ಬೇರೆಯವರಿಗೆ ಬೇಕಾದ ಪ್ರೋಟೀನನ್ನು ನಾವು ಮಾಡಿಕೊಡುತ್ತೇವೆ, ಟೈಲರ್ ಹಾಗೆ. ಅಳತೆ ಅವರದು, ಹೊಲಿಗೆ ನಮ್ಮದು. ನನ್ನ ಪಾಲಿಗೆ ಬಂದದ್ದು ರಿಸೆಪ್ಟರುಗಳು. ಪ್ರತಿ ಜೀವಕೋಶದ ಸುತ್ತ ಒಂದು ತೆಳು ಪೊರೆ ಇರುತ್ತದೆ. ಆ ಪೊರೆಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡು, ಹೊರಗೆ ಯಾರು ಬಂದಿದ್ದಾರೆ ಎಂದು ಒಳಗಿನವರಿಗೆ ತಿಳಿಸುವ ಪ್ರೋಟೀನೇ ರಿಸೆಪ್ಟರು. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನ ಹಾಗೆ. ಒಂದೇ ವ್ಯತ್ಯಾಸ, ಇದು ಎಚ್ಚರವಾಗಿರುತ್ತದೆ. ಮೂಗಿನಲ್ಲಿ ಇಂಥವು ನೂರಾರು ಬಗೆ. ಆದರೆ ಯಾವುದೇ ಒಂದು ಬಗೆ ಸಿಗುವುದು ಚಿಟಿಕೆಯಷ್ಟೂ ಅಲ್ಲ. ಆದ್ದರಿಂದ ಅದರ ಜೀನನ್ನು ತೆಗೆದು, ಸುಲಭವಾಗಿ ಬೆಳೆಯುವ ಬೇರೊಂದು ಕೋಶದೊಳಗೆ ಸೇರಿಸಿ, ಆ ಕೋಶದ ಕೈಲಿ ಮಾಡಿಸಬೇಕು. ನಮ್ಮಲ್ಲಿ ಆ ಬಿಟ್ಟಿ ಚಾಕರಿ ಮಾಡುವ ಕೋಶ ಮನುಷ್ಯನ ಕಿಡ್ನಿಯದು. ಕಿಡ್ನಿಗೆ ಮೂಗಿನ ಕೆಲಸ ಹೇಳುವುದು ಸರಿಯೇ ಎಂದು ಯಾರಾದರೂ ಕೇಳಿದರೆ, ಭೂಗೋಳದ ಮೇಷ್ಟ್ರ ಕೈಲಿ ಜನಗಣತಿ ಮಾಡಿಸುವ ದೇಶ ನಮ್ಮದು ಎಂದು ನೆನಪಿಸುತ್ತೇನೆ.

ಪೀಣ್ಯದಲ್ಲಿ ಅಗರಬತ್ತಿ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬ ಯಜಮಾನರು ನಮ್ಮಲ್ಲಿಗೆ ಬಂದರು. ಯಜಮಾನರು ಎಂದರೆ ವಯಸ್ಸಾದವರಲ್ಲ. ಅಜ್ಜ ಕಟ್ಟಿದ ಕಾರ್ಖಾನೆಗೆ ಎಂ.ಬಿ.ಎ. ಮುಗಿಸಿ ಬಂದು ಕೂತ ಮೊಮ್ಮಗ. ಮಾತಿಗೆ ಮುಂಚೆ ‘ಬೇಸಿಕಲಿ’ ಅನ್ನದಿದ್ದರೆ ಅವರಿಗೆ ವಾಕ್ಯ ಸ್ಟಾರ್ಟ್ ಆಗುತ್ತಿರಲಿಲ್ಲ.

"ಬೇಸಿಕಲಿ, ನಮ್ಮ ಗಂಧದ ಬ್ಯಾಚ್ ಸರಿ ಇದೆಯಾ ಇಲ್ವಾ ಅಂತ ಹೇಳೋದು ಒಬ್ರೇ ಮನುಷ್ಯ ಡಾಕ್ಟ್ರೇ. ನಮ್ಮ ಮೇಸ್ತ್ರಿ. ಅವ್ರು ಹೂಂ ಅಂದ್ರೆ ಲಾರಿ ಹೊರಡುತ್ತೆ, ಊಹೂಂ ಅಂದ್ರೆ ನಿಲ್ಲುತ್ತೆ. ಆ ಮೂಗಿಗೆ ಬ್ಯಾಕಪ್ ಇಲ್ಲ."

"ಬ್ಯಾಕಪ್ ಬಂದ ಮೇಲೆ ಮೇಸ್ತ್ರಿ ಏನ್ಮಾಡ್ತಾರೆ?"

"ಮನೆಗೆ ಕಳಿಸ್ತೀವಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಗ್ರ್ಯಾಂಡಾಗೇ ಮಾಡ್ತೀವಿ."

ಗಂಧದ ವಾಸನೆಗೆ ಓಗೊಡುವ ಒಂದು ರಿಸೆಪ್ಟರು ಮನುಷ್ಯನಲ್ಲಿದೆ. ಅದನ್ನು ಕಿಡ್ನಿ ಕೋಶದಲ್ಲಿ ಮಾಡಿಸಿ, ಜೊತೆಗೆ ಮಿಂಚುಹುಳುವಿನಿಂದ ತೆಗೆದ ಇನ್ನೊಂದು ಜೀನನ್ನೂ ಸೇರಿಸಿದರೆ, ಗಂಧ ತಾಗಿದಾಗ ಕೋಶ ಮಿನುಗುತ್ತದೆ. ಗಂಧ ಇದ್ದರೆ ಬೆಳಕು, ಇಲ್ಲದಿದ್ದರೆ ಕತ್ತಲು. ಆರು ತಿಂಗಳಲ್ಲಿ ಮಾಡಿಕೊಡುತ್ತೇನೆ ಎಂದೆ. ಮನುಷ್ಯನ ಮೂಗು, ಮನುಷ್ಯನದೇ ಕಿಡ್ನಿ, ಮಿಂಚುಹುಳುವಿನ ದೀಪ: ಹೇಳುವಾಗ ನನಗೇ ರೋಮಾಂಚನವಾಯಿತು.

ಮೊದಲು ಮೂಲ ಮೂಗನ್ನು ನೋಡಬೇಕಲ್ಲ? ಪೀಣ್ಯಕ್ಕೆ ಹೋದೆ. ಮೇಸ್ತ್ರಿಯ ಮಿಕ್ಸಿಂಗ್ ರೂಮು ಕಾರ್ಖಾನೆಯ ಹಿಂಭಾಗದಲ್ಲಿತ್ತು. ಗೋಡೆಯುದ್ದಕ್ಕೂ ಎಣ್ಣೆಯ ಡಬ್ಬಗಳು, ಮಧ್ಯೆ ಒಂದು ಮರದ ಮೇಜು, ಮೇಜಿನ ಹಿಂದೆ ಐವತ್ತೆಂಟರ ಮೇಸ್ತ್ರಿ: ಇಸ್ತ್ರಿ ಮಾಡಿದ ಬಿಳಿ ಶರಟು, ಹಣೆಗೆ ವಿಭೂತಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಮೂವತ್ತೆರಡು ವರ್ಷದ ಸರ್ವೀಸು. ನಾನು ಯಾಕೆ ಬಂದಿದ್ದೇನೆಂದು ಅವರಿಗೆ ಗೊತ್ತಿತ್ತು.

"ಸಾರ್, ನಂದು ರಿಟೈರ್‌ಮೆಂಟಿಗೆ ಇನ್ನೆರಡು ವರ್ಷ ಇದೆ. ನಿಮ್ಮ ಕಿಡ್ನಿ ಯಾವಾಗ ರೆಡಿ ಆಗುತ್ತೆ?"

"ಆರು ತಿಂಗಳು ಅಂತ ಹೇಳಿದೀನಿ."

"ಅಂದ್ರೆ ಎರಡು ವರ್ಷ ಆಗಬಹುದು ಅಲ್ವಾ ಸಾರ್? ಈ ಮೆಟ್ರೋ ಎಲ್ಲ ಹಂಗೇ ಆಯ್ತು."

"ಆಗಬಹುದು," ಎಂದೆ, ಪ್ರಾಮಾಣಿಕವಾಗಿ.

ಅವರು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಮತ್ತೆ ಸಿಕ್ಕಿಸಿಕೊಂಡರು. "ಈ ಮೇಜಿನ ಹಿಂದೆ ಕೂತಿರೋ ತನಕ ನಾನು ಮೇಸ್ತ್ರಿ ಸಾರ್. ನಾವಿರೋ ಲಗ್ಗೆರೇಲಿ ಹಾಲಿನವನಿಂದ ಹಿಡಿದು ಕಾರ್ಪೊರೇಟರ್ ತನಕ ಹಂಗೇ ಕರೀತಾರೆ. ಅವಧಿ ಮುಗಿಸಿ ಹೋದ್ರೆ ಆಮೇಲೂ ಕರೀತಾರೆ. ಮಧ್ಯದಲ್ಲಿ ಎಬ್ಬಿಸಿ ಕಳಿಸಿದ್ರೆ? ಹಣ್ಣಿನ ಬುಟ್ಟಿ ಹಿಡ್ಕೊಂಡು ಯಾವ ಮುಖ ಇಟ್ಕೊಂಡು ಬೀದಿಗೆ ಹೋಗ್ಲಿ?"

ಆವತ್ತು ಅವರ ಕೆಲಸದ ಕ್ರಮವನ್ನು ದಿನವಿಡೀ ಕೂತು ಬರೆದುಕೊಂಡೆ. ಬ್ಯಾಚಿನ ಎಣ್ಣೆಯಲ್ಲಿ ಒಂದು ಕಾಗದದ ಪಟ್ಟಿ ಅದ್ದುತ್ತಾರೆ. ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚುತ್ತಾರೆ. ಆದರೆ ತೀರ್ಪು ಕೊಡುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಪ್ಯಾಕಿಂಗ್ ವಿಭಾಗದಿಂದ ಅವರ ಹೆಂಡತಿ ಟೀ ತರುತ್ತಿದ್ದರು. ಆಕೆಯೂ ಅದೇ ಕಾರ್ಖಾನೆಯಲ್ಲಿ ಕಡ್ಡಿ ಎಣಿಸಿ ಪೊಟ್ಟಣ ಕಟ್ಟುವ ಕೆಲಸದವರು. ಟೀ ಬಂದ ಮೇಲೆಯೇ ತೀರ್ಪು.

"ಟೀ ಬೀಳದೆ ಮೂಗು ಬಿಚ್ಚಲ್ಲ ಸಾರ್," ಎಂದರು ಮೇಸ್ತ್ರಿ.

ನಾನು ಇದನ್ನು ಅಕ್ಷರಶಃ ಬರೆದುಕೊಂಡೆ. ವಾಪಸ್ ಬಂದು ಪರೀಕ್ಷಾ ವಿಧಾನದಲ್ಲಿ ಒಂದು ಸಾಲು ಸೇರಿಸಿದೆ: ‘ಪ್ರತಿ ಮಾದರಿಯನ್ನು ಮೂಸುವ ಮುನ್ನ ಮೇಸ್ತ್ರಿಗೆ ಅರ್ಧ ಲೋಟ ಟೀ ಒದಗಿಸತಕ್ಕದ್ದು.’ ಆ ದಾಖಲೆಗೆ ಮೂರು ಜನ ಸಹಿ ಹಾಕಿದ್ದಾರೆ. ಯಾರೂ ನಗಲಿಲ್ಲ.

ಕೆಲಸ ಶುರುವಾಯಿತು. ಜೀನನ್ನು ಕೋಶದೊಳಗೆ ಸೇರಿಸಿದೆವು. ಕೋಶ ರಿಸೆಪ್ಟರನ್ನು ಮಾಡಿತು ಕೂಡ. ಆದರೆ ಪೊರೆಗೆ ಕಳಿಸಲಿಲ್ಲ. ಒಳಗೇ ಒಂದು ಮೂಲೆಯಲ್ಲಿ ಪೇರಿಸಿಟ್ಟಿತು. ಬಾಗಿಲಿಗೆ ಬಾರದ ಕಾವಲುಗಾರನಿಂದ ಏನು ಉಪಯೋಗ? ಮೂಗಿನ ರಿಸೆಪ್ಟರುಗಳ ಜಾಯಮಾನವೇ ಹೀಗೆ. ಮೂಗಿನಲ್ಲಾದರೆ ಅವನ್ನು ಕೈಹಿಡಿದು ಪೊರೆಯ ತನಕ ಕರೆದೊಯ್ಯುವ ಇನ್ನೊಂದು ಪ್ರೋಟೀನು ಇರುತ್ತದೆ, ಕಿಡ್ನಿಯಲ್ಲಿ ಅದಿಲ್ಲ.

"ಸಾರ್, ಅದನ್ನೂ ಹಾಕ್ಬೇಕು. ಎಸ್ಕಾರ್ಟ್," ಎಂದಳು ನನ್ನ ಸಹಾಯಕ ವಿಜ್ಞಾನಿ. ಹೂಡಿಯಿಂದ ದಿನಾ ಎರಡು ಗಂಟೆ ಬಸ್ಸಿನಲ್ಲಿ ನಿಂತು ಬರುತ್ತಿದ್ದ ಹುಡುಗಿ. ಆ ಕಾರಣಕ್ಕೋ ಏನೋ, ಯಾರನ್ನೂ ನಂಬುತ್ತಿರಲಿಲ್ಲ. ವಿಜ್ಞಾನಕ್ಕೆ ಒಳ್ಳೆಯ ಗುಣ.

"ನಮ್ಮ ಕಚೇರಿಗಳಲ್ಲಿ ಅದಕ್ಕೆ ಬ್ರೋಕರ್ ಅಂತಾರಮ್ಮಾ," ಎಂದೆ. ಬ್ರೋಕರನ್ನು ಸೇರಿಸಿದ ಮೂರನೇ ವಾರಕ್ಕೆ ಫೈಲು ಮುಂದೆ ಹೋಯಿತು. ರಿಸೆಪ್ಟರು ಪೊರೆಗೆ ಬಂತು, ಗಂಧದೆಣ್ಣೆ ಸೋಕಿಸಿದರೆ ಕೋಶಗಳು ಮಿನುಗಿದವು. ನಾನು ಇಡೀ ಲ್ಯಾಬಿಗೆ ಬಾದೂಷ ತರಿಸಿದೆ.

ಇನ್ನು ಮೂಗಿನ ಜೊತೆ ಹೋಲಿಸಿ ನೋಡುವುದು. ಹತ್ತು ಟ್ಯೂಬುಗಳು, ಮೇಲೆ ಬರೀ ನಂಬರು. ಯಾವುದರಲ್ಲಿ ಏನಿದೆ ಎಂಬುದು ಹುಡುಗಿಗೆ ಮಾತ್ರ ಗೊತ್ತು. ಬೆಳಿಗ್ಗೆ ಕೋಶಗಳಿಗೆ ಹತ್ತನ್ನೂ ಸೋಕಿಸಿಟ್ಟಳು. ಮೇಸ್ತ್ರಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಹಳದಿ ಮಾರ್ಗಕ್ಕೆ ಬದಲಾಯಿಸಿ, ಬೆವರು ಒರೆಸಿಕೊಳ್ಳುತ್ತಾ ಒಬ್ಬರೇ ಬಂದರು. ಹೆಂಡತಿಗೆ ರಜೆ ಸಿಕ್ಕಿರಲಿಲ್ಲ. ನಮ್ಮ ಮೀಟಿಂಗ್ ರೂಮಿನಲ್ಲಿ ಕೂರಿಸಿದೆ. ವಿಧಾನದ ಪ್ರಕಾರ ಪ್ರತಿ ಟ್ಯೂಬಿಗೂ ಟೀ ಬಂತು. ನಮ್ಮಲ್ಲಿ ಕಸ ಗುಡಿಸಿ, ಟೀ ಕೊಡುವವಳನ್ನು ಎಲ್ಲರೂ ಅಕ್ಕ ಎನ್ನುತ್ತೇವೆ, ಹತ್ತಿರದ ಹಳ್ಳಿಯವಳು. ಹತ್ತು ಸಲ ಬಂದು ಹತ್ತು ಸಲವೂ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೋದಳು. ಹತ್ತು ಸಲವೂ ಮೇಸ್ತ್ರಿ ಲೋಟವನ್ನೊಮ್ಮೆ ನೋಡಿ, "ಇದೆ ಸಾರ್, ಗಂಧ ಇದೆ," ಎಂದರು.

ಮಧ್ಯಾಹ್ನ ಯಂತ್ರದ ಫಲಿತಾಂಶ ಬಂತು. ಹತ್ತಕ್ಕೆ ಹತ್ತೂ ಮಿನುಗಿದ್ದವು.

ಮೂಗೂ ಕೋಶವೂ ನೂರಕ್ಕೆ ನೂರು ಹೊಂದಿಕೆ! ಇಂಥ ಫಲಿತಾಂಶ ನಾನು ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಅನುಮಾನ ಬರಬೇಕಾಗಿತ್ತು, ಬದಲಿಗೆ ಯಜಮಾನರಿಗೆ ವಾಟ್ಸಾಪ್ ಕಳಿಸಿದೆ. ಅವರಿಂದ ತಕ್ಷಣ ಎರಡು ಹೆಬ್ಬೆರಳು, ಒಂದು ಹೂಗುಚ್ಛ ಬಂತು. ಕೆಳಗೆ ಒಂದು ಸಾಲು: ‘ಸೂಪರ್ ಡಾಕ್ಟ್ರೇ. ನಾನೇ ಬಂದು ಒಂದು ಸಲ ನೋಡ್ತೀನಿ. ಆಮೇಲೆ ಒಂದನೇ ತಾರೀಕು ಮೇಸ್ತ್ರಿಗೆ ಬೀಳ್ಕೊಡುಗೆ.’

ಫೋನು ಕೆಳಗಿಡುವಷ್ಟರಲ್ಲಿ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

"ಸಾರ್, ಕಳಿಸಿಬಿಟ್ರಾ?"

"ಯಾಕಮ್ಮಾ?"

"ನಾಲ್ಕನೇದು, ಎಂಟನೇದು ಬರೀ ನೀರು ಸಾರ್."

ನಾನು ಕನ್ನಡಕ ತೆಗೆದು ಒರೆಸಿದೆ. ಕನ್ನಡಕ ಶುಭ್ರವಾಗಿಯೇ ಇತ್ತು. "ನೀರಿಗೆ ಗಂಧ ಬೆರೆತಿರಬೇಕು," ಎಂದೆ, ಘನತೆಯಿಂದ. "ಇಲ್ಲದಿದ್ರೆ ಮೇಸ್ತ್ರಿ ಹೇಗೆ ಹಿಡೀತಿದ್ರು?"

ಮೂಗು ಸುಳ್ಳು ಹೇಳುವುದಿಲ್ಲ ಎಂಬ ನನ್ನ ಸಿದ್ಧಾಂತದ ಮೇಲೆ ನಿಂತು ಎರಡು ವಾರ ಹೋರಾಡಿದೆ. ನೀರು ಬದಲಾಯಿಸಿದೆವು. ಟ್ಯೂಬು, ತಟ್ಟೆ, ಕೋಶಗಳ ಆಹಾರ, ಎಲ್ಲ ಹೊಸತು ತರಿಸಿದೆವು. ಏನು ಮಾಡಿದರೂ ನೀರು ಮಿನುಗುತ್ತಿತ್ತು. ಕೊನೆಗೆ ಏನನ್ನೂ ಹಾಕದೆ ಖಾಲಿ ಬಿಟ್ಟ ಕೋಶಗಳೂ ದೀಪಾವಳಿ ಆಚರಿಸಿದವು. ಯಜಮಾನರು ಬರುವುದಕ್ಕೆ ಎಂಟು ದಿನ ಉಳಿದಿತ್ತು. ಒಂದು ತಾಲೀಮು ಮಾಡೋಣ ಎಂದು ಮೇಸ್ತ್ರಿಯನ್ನು ಮತ್ತೆ ಕರೆಸಿದೆ.

ಈ ಸಲ ಹೆಂಡತಿಯೂ ಜೊತೆಗೆ ಬಂದಿದ್ದರು. "ಬಿ.ಪಿ. ಇದೆ ಸಾರ್ ಇವ್ರಿಗೆ, ಒಬ್ಬರನ್ನೇ ಕಳಿಸೋಕೆ ಆಗಲ್ಲ," ಎಂದು ಆಕೆಯೇ ಮೊದಲು ಹೇಳಿದರು. ಕೋಶಗಳನ್ನು ಬೆಚ್ಚಗಿಡುವ ಇನ್ಕ್ಯುಬೇಟರ್ ರೂಮನ್ನು ತೋರಿಸೋಣವೆಂದು ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದೆ. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದಾರೋ ಇಲ್ಲವೋ, ಆಕೆ ನಿಂತುಬಿಟ್ಟರು.

"ಯಾರು ಸಾರ್ ಇಲ್ಲಿ ಗಂಧದ ಕಡ್ಡಿ ಹಚ್ಚಿರೋದು?"

ನಾನು ಮೂಸಿದೆ. ಹುಡುಗಿ ಮೂಸಿದಳು. ನಮಗಿಬ್ಬರಿಗೂ ಏನೂ ಬರಲಿಲ್ಲ.

"ಬೆಳಿಗ್ಗೆ ಹಚ್ಚಿದ್ದು. ನಮ್ ಕಂಪನೀದಲ್ಲ. ಗಂಧ ಕಮ್ಮಿ, ಮಸಿ ಜಾಸ್ತಿ ಇದು," ಎಂದು ಆಕೆ ಮುಖ ಸಿಂಡರಿಸಿದರು.

ಆಗ ನನ್ನ ಕಣ್ಣು ಇನ್ಕ್ಯುಬೇಟರಿನ ಮೇಲಿನ ಗೋಡೆಗೆ ಹೋಯಿತು. ಅಲ್ಲೊಂದು ಗಣಪತಿಯ ಫೋಟೋ, ಅದರ ಕೆಳಗೆ ಅಗರಬತ್ತಿಯ ಸ್ಟ್ಯಾಂಡು, ಸ್ಟ್ಯಾಂಡಿನ ಕೆಳಗೆ ಬೂದಿ. ಎರಡು ವರ್ಷದ ಹಿಂದೆ ಒಂದು ಸಲ ಇದ್ದಬದ್ದ ಕೋಶಗಳಿಗೆಲ್ಲ ಬೂಸ್ಟು ಹಿಡಿದು ಸತ್ತಾಗ, ಶುಚಿತ್ವದ ಎಲ್ಲ ವೈಜ್ಞಾನಿಕ ಕ್ರಮಗಳೂ ಸೋತ ಮೇಲೆ, ಅಕ್ಕನಿಗೆ "ಈಶಾನ್ಯ ಮೂಲೇಲಿ ದಿನಾ ಒಂದು ಕಡ್ಡಿ ಹಚ್ಚಮ್ಮಾ, ನೋಡೇಬಿಡೋಣ" ಎಂದವನು ನಾನೇ. ಬೂಸ್ಟು ಹೋಯಿತು. ಅಕ್ಕ ಕಡ್ಡಿ ಹಚ್ಚುವುದು ನಿಲ್ಲಿಸಲಿಲ್ಲ. ದಿನಾ ಅದೇ ವಾಸನೆಯಲ್ಲಿ ಇದ್ದೂ ಇದ್ದೂ ನಮ್ಮ ಮೂಗುಗಳು ಅದನ್ನು ಮರೆತೇಬಿಟ್ಟಿದ್ದವು. ಆದರೆ ಹೊಗೆಯ ಗಂಧ ಇನ್ಕ್ಯುಬೇಟರಿನ ಗಾಳಿಯೊಳಗೆ ಸೇರಿ, ಕೋಶಗಳು ಈಜುವ ದ್ರಾವಣದಲ್ಲಿ ಕರಗುತ್ತಿತ್ತು. ನಾವು ಏನು ಹಾಕಿದರೂ, ಹಾಕದಿದ್ದರೂ, ಅವು ಬೆಳಗಿನ ಪೂಜೆಗೇ ಮಿನುಗುತ್ತಿದ್ದವು. ಗಂಧವನ್ನು ಗುರುತಿಸುವ ಕೋಶಗಳನ್ನು ಗಂಧದ ಕಡ್ಡಿಯ ಕೆಳಗೆ ಸಾಕಿದ ವಿಜ್ಞಾನಿ ಜಗತ್ತಿನಲ್ಲಿ ಇನ್ನೊಬ್ಬ ಇರಲಾರ.

ಆ ಕ್ಷಣಕ್ಕೂ ನನ್ನ ಸಿದ್ಧಾಂತ ಬಿಡದೆ ಮೇಸ್ತ್ರಿಯ ಕಡೆ ತಿರುಗಿದೆ. "ಏನ್ ಮೇಸ್ತ್ರಿ, ನಿಜವಾಗಿ ಕಡ್ಡಿ ವಾಸನೆ ಬರ್ತಿದೆಯಾ?"

ಮೇಸ್ತ್ರಿ ಹೆಂಡತಿಯ ಕೈ ನೋಡಿದರು. ಕೈ ಖಾಲಿ ಇತ್ತು.

"ಟೀ ಆಗಿಲ್ಲ ಸಾರ್ ಇನ್ನೂ," ಎಂದರು.

ಅಷ್ಟರಲ್ಲಿ ಪಕ್ಕದ ರೂಮಿನಲ್ಲಿ ಯಾರೋ ಒಂದು ಬಾಟಲಿಯ ಮುಚ್ಚಳ ತೆಗೆದರು. ಪ್ರೋಟೀನಿನ ಕೆಲಸಕ್ಕೆ ಬಳಸುವ ಒಂದು ದ್ರಾವಣವಿದೆ. ಸತ್ತ ಇಲಿಗೆ ಕೊಳೆತ ಮೊಟ್ಟೆಯ ಒಗ್ಗರಣೆ ಹಾಕಿದಂಥ ವಾಸನೆ. ಹುಡುಗಿ ಕೋಟಿನ ತೋಳಿನಲ್ಲಿ ಮುಖ ಹುದುಗಿಸಿದಳು. ಮೇಸ್ತ್ರಿಯ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿ ಮಾತ್ರ, ಮದುವೆಮನೆಯ ಬಾಗಿಲಲ್ಲಿ ಪನ್ನೀರು ಹಾಕಿಸಿಕೊಂಡವರ ಹಾಗೆ ಪ್ರಸನ್ನವಾಗಿ ನಿಂತು ಎಲ್ಲರನ್ನೂ ನೋಡಿದರು.

"ಏನಾಯ್ತು ಸಾರ್? ಯಾಕೆ ಎಲ್ಲ ಓಡ್ತಿದೀರ? ಬೆಂಕಿನಾ?"

ಹೊರಗೆ ಎಳನೀರಿನ ಗಾಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಆಕೆ ಎಲ್ಲ ಹೇಳಿದರು. ಮೇಸ್ತ್ರಿ ಎಳನೀರಿನ ಸ್ಟ್ರಾ ತಿರುಗಿಸುತ್ತಾ ಕೂತಿದ್ದರು. ಕೊರೋನಾದ ಎರಡನೇ ಸುತ್ತಿನಲ್ಲಿ ಜ್ವರ ಬಂದು ಹೋದ ಮೇಲೆ ಅವರ ಮೂಗು ಸತ್ತಿತ್ತು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದು ನಾಲ್ಕು ವರ್ಷವಾಗಿತ್ತು. ಎಣ್ಣೆಗಳ ಅಳತೆ ಕೈಯಲ್ಲಿತ್ತು. ವಾಸನೆ ಮಾತ್ರ ಹೆಂಡತಿ ನೋಡುತ್ತಿದ್ದರು. ಟೀ ತರುವ ನೆಪದಲ್ಲಿ ಬಂದು, ಅವರ ಕೈಯ ಪಟ್ಟಿಯ ಹತ್ತಿರ ಒಂದು ಉಸಿರು ಎಳೆದುಕೊಳ್ಳುವುದು. ಲೋಟವನ್ನು ಮೇಜಿನ ಮೇಲಿಟ್ಟರೆ ಬ್ಯಾಚು ಪಾಸು. ಕೈಗೆ ಕೊಟ್ಟರೆ ಫೇಲು.

"ಹಾಗಾದ್ರೆ ಅವತ್ತು ಹತ್ತಕ್ಕೆ ಹತ್ತೂ..." ಎಂದೆ.

"ನಿಮ್ಮ ಅಕ್ಕ ಎಲ್ಲಾನೂ ಮೇಜಿನ ಮೇಲೇ ಇಟ್ರಲ್ಲ ಸಾರ್," ಎಂದರು ಮೇಸ್ತ್ರಿ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ನಂಗೂ ದಿಕ್ಕು ತೋಚಲಿಲ್ಲ. ಅಭ್ಯಾಸ ಆಗೋಗಿದೆ."

ಅಂದರೆ ಮೂಗಿಲ್ಲದ ಮನುಷ್ಯನೂ ಹೊಗೆ ಕುಡಿದ ಕಿಡ್ನಿಯೂ ಪರಸ್ಪರ ಒಪ್ಪಿಕೊಂಡದ್ದನ್ನು ನಾನು ನೂರಕ್ಕೆ ನೂರು ಎಂದು ಲೋಕಕ್ಕೆ ಸಾರಿದ್ದೆ.

"ಯಜಮಾನ್ರಿಗೆ ಹೇಳ್ಬೇಡಿ ಸಾರ್," ಎಂದರು ಆಕೆ. "ಎರಡು ವರ್ಷ ಹೆಂಗೋ ತಳ್ಳಿಬಿಡ್ತೀವಿ. ಈಗ ಗೊತ್ತಾದ್ರೆ, ನಾಲ್ಕು ವರ್ಷ ಮೋಸ ಮಾಡ್ದ ಅಂತ ಅವಮಾನ ಮಾಡಿ ಕಳಿಸ್ತಾರೆ. ಈ ಮನುಷ್ಯ ತಡಕೊಳ್ಳಲ್ಲ."

ನಾನು ಸತ್ಯನಿಷ್ಠೆಯ ಮನುಷ್ಯ. ಆದ್ದರಿಂದ ಬಹಳ ಯೋಚಿಸಿ ಒಂದು ತತ್ವಕ್ಕೆ ಬಂದೆ: ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ಹೇಳುವುದಿಲ್ಲ. ಇದನ್ನು ಹೇಡಿತನ ಎಂದು ಕರೆಯುವವರೂ ಇದ್ದಾರೆ. ಹುಡುಗಿ ಹಾಗೇ ಕರೆದಳು.

ನನ್ನ ತಪ್ಪನ್ನಂತೂ ಯಜಮಾನರಿಗೆ ಅಂದೇ ಫೋನ್ ಮಾಡಿ ಹೇಳಿದೆ. ಅಗರಬತ್ತಿಯ ಕಥೆ ಕೇಳಿ ಅವರು ಬಿದ್ದು ಬಿದ್ದು ನಕ್ಕರು. "ಅದೂ ಬೇರೆ ಬ್ರ್ಯಾಂಡು!" ಎಂದು ಮಾತ್ರ ಸ್ವಲ್ಪ ನೊಂದುಕೊಂಡರು.

"ಹಿಂದಿನ ಫಲಿತಾಂಶ ಲೆಕ್ಕಕ್ಕಿಲ್ಲ. ನೀವು ಬಂದಾಗ ಹೊಸದಾಗಿ ಮಾಡೋಣ."

"ಮಾಡೋಣ. ಕೋಶ ಸರಿಯಾಗಿ ಹೇಳಿದ್ರೆ ಒಂದನೇ ತಾರೀಕು ಫಿಕ್ಸ್. ಹಾರ ಆರ್ಡರ್ ಮಾಡಿಬಿಟ್ಟಿದೀನಿ."

ಅಕ್ಕನನ್ನು ಒಪ್ಪಿಸುವುದು ಯಜಮಾನರಷ್ಟು ಸುಲಭವಾಗಲಿಲ್ಲ.

"ನೀವೇ ತಾನೆ ಅಚ್ಚು ಅಂದಿದ್ದು ಸಾ? ಈಗ ಬ್ಯಾಡ ಅಂದ್ರೆ ಎಂಗೆ? ದ್ಯಾವ್ರೇನು ನಿಮ್ಮ ಆಪೀಸ್ನಾಗೆ ಕೆಲ್ಸಕ್ಕವ್ನಾ?"

"ದೇವರನ್ನ ತೆಗೀಬೇಡ. ಹೊಗೆ ಬೇಡ ಅಷ್ಟೇ."

"ಅಂಗಾರೆ ಮಲ್ಲಿಗೆ ಊವ?"

"ವಾಸನೆ ಬರೋದು ಏನೂ ಬೇಡಮ್ಮಾ."

"ನಿಮ್ಗೆ ಮೂಗಿಲ್ಲ ಅಂತ ದ್ಯಾವ್ರಿಗೂ ಇಲ್ವಾ?" ಎಂದಳು. ಕೊನೆಗೆ ಬ್ಯಾಟರಿ ದೀಪಕ್ಕೆ ಒಪ್ಪಿದಳು. ಮೂರು ದಿನಕ್ಕೆ ಹೊಸ ಕೋಶಗಳು ಬೆಳೆದವು. ನೀರಿಗೆ ಕತ್ತಲಾಗಿಯೇ ಉಳಿದವು. ನನಗೆ ಆ ಕತ್ತಲಷ್ಟು ಸುಂದರವಾದದ್ದು ಆ ವರ್ಷ ಬೇರೆ ಕಾಣಲಿಲ್ಲ. ಆಮೇಲೆ ನೆನಪಾಯಿತು: ಕೋಶಗಳು ಸರಿಹೋದಷ್ಟೂ ಮೇಸ್ತ್ರಿಯ ಮೇಜು ಖಾಲಿಯಾಗುತ್ತದೆ.

ಯಜಮಾನರು ಬಂದ ದಿನ ಮತ್ತೆ ಹತ್ತು ಟ್ಯೂಬು. ಬೆಳಿಗ್ಗೆಯೇ ಯಜಮಾನರು ಒಂದು ಸಣ್ಣ ಹಳೇ ಶೀಸೆಯನ್ನು ಹುಡುಗಿಗೆ ಕಳಿಸಿಕೊಟ್ಟು, ಇದನ್ನು ಐದನೆಯದಾಗಿ ಇಡಿ, ಯಾರಿಗೂ ಹೇಳಬೇಡಿ ಎಂದಿದ್ದರಂತೆ. ಕೋಶಗಳು ತಮ್ಮ ಪಾಡಿಗೆ ಒಳಗೆ ಮೂಸುತ್ತಿದ್ದವು. ಹೊರಗೆ ಮೀಟಿಂಗ್ ರೂಮಿನಲ್ಲಿ ಮೇಸ್ತ್ರಿ ಕೂತರು. ಎದುರಿಗೆ ಯಜಮಾನರು, ಪಕ್ಕದಲ್ಲಿ ನಾನು. ಟೀ ತರುವ ಹೊಣೆಯನ್ನು ಮೇಸ್ತ್ರಿಯ ಹೆಂಡತಿ ನಮ್ಮ ಅಕ್ಕನಿಂದ ಬಲವಂತವಾಗಿ ಕಿತ್ತುಕೊಂಡಿದ್ದರು.

ಒಂದನೆಯದು: ಲೋಟ ಮೇಜಿಗೆ. "ಒಳ್ಳೆ ಗಂಧ." ಎರಡನೆಯದು ನೀರು: ಲೋಟ ಕೈಗೆ. "ಏನಿಲ್ಲ ಸಾರ್ ಇದ್ರಲ್ಲಿ." ಮೂರು, ನಾಲ್ಕು, ಎಲ್ಲ ಸರಿ. ಹುಡುಗಿ ತನ್ನ ಗುಟ್ಟಿನ ಪಟ್ಟಿ ನೋಡುತ್ತಾ ಹುಬ್ಬೇರಿಸಿದಳು.

"ಟೀ ಯಾಕೆ ಇಷ್ಟೊಂದು ಸಲ?" ಎಂದು ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು.

"ವಿಧಾನದಲ್ಲಿದೆ," ಎಂದೆ. ಅದು ಸುಳ್ಳಲ್ಲ. ಮೂರು ಸಹಿ ಇತ್ತು.

ಐದನೆಯ ಪಟ್ಟಿ ಅದ್ದಿದರು. ಆಕೆ ಟೀ ಹಿಡಿದು ಬಂದು ಬಾಗಿದವರು, ಬಾಗಿದಂತೆಯೇ ನಿಂತುಬಿಟ್ಟರು. ಕಣ್ಣು ಮುಚ್ಚಿತು. ಲೋಟ ಗಾಳಿಯಲ್ಲೇ ಉಳಿಯಿತು. ಪಾಪ, ಹೆಂಗಸು ದಣಿದಿದ್ದಾಳೆ ಎಂದುಕೊಂಡ ಯಜಮಾನರು ಎದ್ದರು. ಅಜ್ಜ ಕಲಿಸಿದ ಮರ್ಯಾದೆ.

"ಕೊಡಿ ಅಮ್ಮಾ, ನಾನ್ ಕೊಡ್ತೀನಿ," ಎಂದು ಲೋಟ ತೆಗೆದುಕೊಂಡು, ಮೇಸ್ತ್ರಿಯ ಕೈಗೇ ಕೊಟ್ಟರು.

ಬೇಡ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಮೇಸ್ತ್ರಿ ಕೈಯಲ್ಲಿದ್ದ ಲೋಟವನ್ನು ನೋಡಿದರು. ಮೂವತ್ತೆರಡು ವರ್ಷದ ಅಧಿಕಾರವನ್ನೆಲ್ಲ ದನಿಗೆ ತಂದುಕೊಂಡು ಹೇಳಿದರು:

"ಇದು ಆಗಲ್ಲ ಸಾರ್. ಗಂಧದ ಹೆಸರೇ ಇಲ್ಲ ಇದ್ರಲ್ಲಿ. ಯಾವನೋ ಟೋಪಿ ಹಾಕಿದಾನೆ ನಿಮಗೆ. ಚರಂಡಿಗೆ ಚೆಲ್ಲಿ."

ಯಜಮಾನರ ಮುಖ ಕಪ್ಪಿಟ್ಟಿತು. ಅದಕ್ಕಿಂತ ಮೊದಲು ಆಕೆಯ ಸಹನೆ ಒಡೆಯಿತು.

"ಅಯ್ಯೋ, ನಿಮ್ ಬಾಯಿಗೆ ಬೀಗ ಹಾಕ! ದೊಡ್ಡ ಯಜಮಾನ್ರ ಎಣ್ಣೆ ಕಣ್ರೀ ಅದು! ಮೊದಲನೇ ದಿನ ಕೆಲಸಕ್ಕೆ ಸೇರ್ದಾಗ ಇಡೀ ಕಾರ್ಖಾನೆ ಇದೇ ವಾಸನೆ ಇತ್ತು. ಚರಂಡಿಗಂತೆ!"

ಯಜಮಾನರು ಆಕೆಯನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು, ಲೋಟವನ್ನು ನೋಡಿದರು. ಎಂ.ಬಿ.ಎ. ಓದಿದ್ದರೂ ದಡ್ಡರಾಗಿರಲಿಲ್ಲ.

"ಅಜ್ಜ ಸೀಲ್ ಮಾಡಿಟ್ಟಿದ್ದ ಶೀಸೆ ಅದು. ನಿನ್ನೆ ತನಕ ಬೀರೂನಲ್ಲಿತ್ತು," ಎಂದರು ನಿಧಾನವಾಗಿ. "ಬೇಸಿಕಲಿ... ಮೇಸ್ತ್ರಿ, ಎಷ್ಟು ದಿನದಿಂದ?"

"ನಾಲ್ಕು ವರ್ಷ ಸಾರ್," ಎಂದರು ಮೇಸ್ತ್ರಿ. ಲೋಟ ಕೆಳಗಿಡಲು ಹೋಗಿ ಟೀಯನ್ನು ಬಿಳಿ ಶರಟಿನ ಮೇಲೆ ಚೆಲ್ಲಿಕೊಂಡರು. "ಅಳತೆ ಗೊತ್ತು. ವಾಸನೆ ಗೊತ್ತಾಗಲ್ಲ."

"ನಾಲ್ಕು ವರ್ಷದಲ್ಲಿ ಒಂದು ಬ್ಯಾಚೂ ಕೆಟ್ಟಿಲ್ಲವಲ್ಲ?"

"ಒಂದು ಕೆಟ್ಟಿತ್ತು. ಇವಳು ತಂಗಿ ಮದುವೆಗೆ ಹೋಗಿದ್ಲು."

ಯಜಮಾನರು ನನ್ನ ಕಡೆ ತಿರುಗಿದರು. "ಡಾಕ್ಟ್ರೇ, ನಿಮಗೆ ಗೊತ್ತಿತ್ತಾ?"

ಕೇಳಿಬಿಟ್ಟರು. "ಗೊತ್ತಿತ್ತು," ಎಂದೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಹುಡುಗಿ ಕೆಮ್ಮಿದಳು. ಯಜಮಾನರು ಕುರ್ಚಿ ಎಳೆದು ಆಕೆಯನ್ನು ಕೂರಿಸಿ, ಉಳಿದ ಐದು ಟ್ಯೂಬುಗಳನ್ನು ಮುಂದಿಟ್ಟರು. ಟೀ ಇಲ್ಲದೆ. ಸೆರಗು ಸರಿಮಾಡಿಕೊಂಡು, ಮೊದಲು ಸಂಕೋಚದಿಂದ, ಆಮೇಲೆ ಗತ್ತಿನಿಂದ ಆಕೆ ಒಂದೊಂದಾಗಿ ಹೇಳುತ್ತಾ ಹೋದರು: ಇದು ಹೊಸ ಎಣ್ಣೆ, ಇದಕ್ಕೆ ಅಗ್ಗದ ಎಣ್ಣೆ ಬೆರೆಸಿದೆ, ಇದು ಗಂಧವೇ ಅಲ್ಲ, ಫ್ಯಾಕ್ಟರಿಯಲ್ಲಿ ಮಾಡಿದ ಕೆಮಿಕಲ್ಲು, ಇದೂ ಬೆರಕೆ. ಹತ್ತನೆಯದಕ್ಕೆ ಬಂದಾಗ ಸ್ವಲ್ಪ ಯೋಚಿಸಿದರು. "ಇದು ನೀರು. ಆದ್ರೆ ಯಾರೋ ಪುಳಿಯೋಗರೆ ತಿಂದ ಕೈಯಲ್ಲಿ ಮುಟ್ಟಿದಾರೆ." ಹುಡುಗಿ ತನ್ನ ಕೈಯನ್ನು ಕೋಟಿನ ಜೇಬಿಗೆ ಸೇರಿಸಿದಳು.

ಮೂರು ಗಂಟೆಗೆ ಕೋಶಗಳ ಫಲಿತಾಂಶ ಬಂತು. ಎರಡು ನೀರನ್ನೂ ಸರಿಯಾಗಿ ಕತ್ತಲೆಂದಿದ್ದವು. ಅದು ನನ್ನ ಹೆಮ್ಮೆ. ಎಲ್ಲಕ್ಕಿಂತ ಪ್ರಖರವಾಗಿ ಮಿನುಗಿದ್ದು ಆ ಫ್ಯಾಕ್ಟರಿ ಕೆಮಿಕಲ್ಲಿಗೆ. ನಮ್ಮ ರಿಸೆಪ್ಟರಿಗೆ ಅಸಲಿಗಿಂತ ನಕಲಿಯ ಮೇಲೆ ಒಲವು ಜಾಸ್ತಿ. ಇದು ಪ್ರಕೃತಿಯ ನಿಯಮ, ನನ್ನ ತಪ್ಪಲ್ಲ ಎಂದು ವಿವರಿಸಿದೆ. ಅಪ್ಪಟ ಅಸಲಿ ಎಂಬ ಕಾರಣಕ್ಕೇ ಅಜ್ಜನ ಎಣ್ಣೆಯನ್ನು ಅವು ನೀರಿನ ಪಕ್ಕದಲ್ಲಿ ಕೂರಿಸಿದ್ದವು. ಈ ಒಂದು ವಿಷಯದಲ್ಲಿ ಕೋಶಗಳಿಗೂ ಮೇಸ್ತ್ರಿಗೂ ಪೂರ್ತಿ ಒಮ್ಮತವಿತ್ತು ಎಂಬುದನ್ನು ಯಜಮಾನರ ಗಮನಕ್ಕೆ ತಂದೆ. ಅವರು ಅದನ್ನು ಮೆಚ್ಚಿದ ಹಾಗೆ ಕಾಣಲಿಲ್ಲ.

ಹೊರಡುವಾಗ ಮೇಸ್ತ್ರಿ ಶರಟಿನ ಟೀ ಕಲೆಯನ್ನು ಕರ್ಚೀಫಿನಿಂದ ಉಜ್ಜುತ್ತಾ ಕಾರಿನ ಪಕ್ಕ ನಿಂತಿದ್ದರು, ಹತ್ತಲೋ ಬೇಡವೋ ಎಂಬಂತೆ. ಯಜಮಾನರು ಹಿಂದಿನ ಬಾಗಿಲು ತೆಗೆದರು. "ಹತ್ತಿ ಮೇಸ್ತ್ರಿ. ಅಮ್ಮಾ, ನೀವು ಮುಂದೆ ಕೂತ್ಕೊಳ್ಳಿ, ಆ ಎಣ್ಣೆ ವಿಷಯ ಮಾತಾಡ್ಬೇಕು."

ಒಂದನೇ ತಾರೀಕು ಬೀಳ್ಕೊಡುಗೆ ನಡೆಯಲಿಲ್ಲ. ಹಾರವನ್ನು ನಮ್ಮ ಲ್ಯಾಬಿನ ಗಣಪತಿಗೆ ಕಳಿಸಿಕೊಟ್ಟರು; ಮಲ್ಲಿಗೆ ಇದ್ದದ್ದರಿಂದ ಅಕ್ಕ ಅದನ್ನು ಗೇಟಿನ ಗಣಪತಿಗೆ ಹಾಕಿದಳು. ನಮ್ಮ ಯೋಜನೆಯನ್ನು ಯಜಮಾನರು ನಿಲ್ಲಿಸಿದರು. ಕೋಶಗಳನ್ನು ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಬಿಸಾಡಿದೆವು. ಮಿಕ್ಸಿಂಗ್ ರೂಮಿನ ಮೇಜು ಮೇಸ್ತ್ರಿಯ ಹೆಂಡತಿಗೆ ಹೋಯಿತು. ಮೇಸ್ತ್ರಿ ಅದೇ ರೂಮಿನಲ್ಲಿ ಅಳತೆಯ ಕೆಲಸದಲ್ಲಿ, ಅದೇ ಹೆಸರಿನಲ್ಲಿ, ಅವಧಿ ಮುಗಿಯುವ ತನಕ ಉಳಿದರು.